ಹುಷಾರಾದ ಕೂಡಲೇ ಮಾತ್ರೆ ಬಿಟ್ಟುಬಿಡುವವರನ್ನು ಮನೆಯವರು ಹೇಗೆ ನೋಡಿಕೊಳ್ಳಬೇಕು?

ಗಂಡನಿಗೆ ಬೈಪೋಲಾರ್ ಕಾಯಿಲೆ (ಮನಸ್ಸು ಕೆಲವು ದಿನ ವಿಪರೀತ ಏರಿ, ಕೆಲವು ದಿನ ತೀರ ಕುಗ್ಗುವ ಕಾಯಿಲೆ) ಅಂತ ಗೊತ್ತಾಗಿ ಎರಡು ವರ್ಷ ಆಯಿತು, ಲಿಥಿಯಂ ಮಾತ್ರೆಯಲ್ಲಿ ಚೆನ್ನಾಗಿರುತ್ತಾರೆ, ಆದರೆ ಆರಾಮಾದ ಕೂಡಲೇ "ಇನ್ನು ಯಾಕೆ?" ಅಂತ ಬಿಟ್ಟುಬಿಡುತ್ತಾರೆ, ಒತ್ತಾಯ ಮಾಡಿದರೆ ಜಗಳ, ಸುಮ್ಮನಿದ್ದರೆ ಭಯ ಅಂತ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ. ಇದೇ ಕಾಯಿಲೆ ಇರುವ ಒಬ್ಬ ತಮ್ಮನ ಅಕ್ಕ. ನಾವು ರಾಣೆಬೆನ್ನೂರಿನವರು. 2014ರಿಂದ ಇದರ ಜೊತೆಗೇ ಬದುಕುತ್ತಿದ್ದೇವೆ. ಆ ಲೆಕ್ಕದಲ್ಲಿ ಹೇಳುತ್ತೇನೆ.

ನಿಮ್ಮ ಗಂಡ ಹಟಮಾರಿ ಅಂತ ಅಂದುಕೊಳ್ಳಬೇಡಿ. ಜ್ವರ ಬಿಟ್ಟ ಮೇಲೆ ನಾವ್ಯಾರೂ ಮಾತ್ರೆ ನುಂಗೋದಿಲ್ಲ ಅಲ್ವಾ? ಅವರೂ ಹಾಗೇ ಯೋಚಿಸುತ್ತಾರೆ. ಇದರ ಮೇಲೆ ಲಿಥಿಯಂನ ಕಾಟ ಬೇರೆ. ಕೈ ಸಣ್ಣಗೆ ನಡುಗುತ್ತದೆ, ಬಾಯಾರಿಕೆ ಜಾಸ್ತಿ, ಪದೇ ಪದೇ ಮೂತ್ರಕ್ಕೆ ಏಳಬೇಕು, ಕೆಲವರಿಗೆ ತೂಕ ಏರುತ್ತದೆ. ಇನ್ನೊಂದು ಕಾರಣ ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ತಮ್ಮ ಒಂದು ಸಲ ಹೇಳಿದ: "ಅಕ್ಕಾ, ಆ ದಿನಗಳಲ್ಲಿ ಊರಿಗೆ ಊರೇ ನನ್ನ ಜೊತೆ ಮಾತಾಡ್ತಿತ್ತು. ಈಗ ಬರೀ ಫ್ಯಾನಿನ ಸದ್ದು ಕೇಳುತ್ತೆ." ಆ ಏರಿದ ದಿನಗಳು ನಮಗೆ ಭಯ, ಅವರಿಗೆ ಹಬ್ಬ. ಅದು ಹೋಯಿತಲ್ಲ ಅನ್ನುವ ದುಃಖ ಅವರಿಗೆ ನಿಜವಾಗಿಯೂ ಇರುತ್ತದೆ. ಅದನ್ನು ಒಪ್ಪಿಕೊಳ್ಳದೆ ಬರೀ ಮಾತ್ರೆಯ ಮಾತಾಡಿದರೆ ನಮ್ಮನ್ನು ಪೊಲೀಸರ ಹಾಗೆ ನೋಡುತ್ತಾರೆ.

ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ, ನೀವು ಮಾಡಬೇಡಿ. ತಮ್ಮ ಎರಡನೇ ಸಲ ಮಾತ್ರೆ ಬಿಟ್ಟಾಗ ನಾನು ಅದನ್ನು ಕುಟ್ಟಿ ಪುಡಿ ಮಾಡಿ ಮೊಸರನ್ನಕ್ಕೆ ಬೆರೆಸಿದೆ. ಮೂರನೇ ದಿನಕ್ಕೆ ಗೊತ್ತಾಗಿಹೋಯಿತು. ತಟ್ಟೆ ಪಕ್ಕಕ್ಕೆ ಸರಿಸಿ ಎದ್ದು ಹೋದ. ಮುಂದೆ ಒಂದು ತಿಂಗಳು ನನ್ನ ಕೈಯಡುಗೆ ಮುಟ್ಟಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಉಣ್ಣುತ್ತಿದ್ದ. ನಂಬಿಕೆ ಹೋದದ್ದು ಒಂದು ಕಡೆ. ಅದು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ, ಪುಡಿ ಮಾಡಿದರೆ ಅಷ್ಟೂ ಔಷಧಿ ಒಟ್ಟಿಗೇ ರಕ್ತಕ್ಕೆ ಸೇರುತ್ತದೆ ಅಂತ ಡಾಕ್ಟರ್ ಬೈದದ್ದು ಇನ್ನೊಂದು ಕಡೆ.

ನಾನು ಕಲಿತದ್ದು ಇಷ್ಟು: ಮಾತಾಡುವುದೆಲ್ಲ ಅವರು ಚೆನ್ನಾಗಿರುವಾಗ ಮಾತಾಡಿ ಮುಗಿಸಬೇಕು. ಕಾಯಿಲೆ ಏರಿದಾಗ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಆಗ ಅವರ ತಲೆ ನಮಗಿಂತ ಹತ್ತು ಪಟ್ಟು ಜೋರಾಗಿ ಓಡುತ್ತಿರುತ್ತದೆ, ಮಾತಿನಲ್ಲಿ ಗೆಲ್ಲೋಕೆ ಆಗೋದಿಲ್ಲ. 2014ರಲ್ಲಿ ನಮಗೆ ಇದು ಗೊತ್ತಿರಲಿಲ್ಲ. ತಮ್ಮ ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದ. ನಾಲ್ಕು ರಾತ್ರಿ ನಿದ್ದೆಯಿಲ್ಲ, ಆದರೂ ಮುಖದಲ್ಲಿ ಆಯಾಸವಿಲ್ಲ. ಬೆಳಗಿನ ಜಾವ ಮೂರಕ್ಕೆ ಕಟ್ಟೆ ತೊಳೆಯುತ್ತಿದ್ದ. ಕಂಡಕಂಡವರಿಗೆ ಬಿತ್ತನೆ ಬೀಜದ ಚೀಲ ಉದ್ದರಿ ಕೊಟ್ಟ. ಕೋಲ್ಡ್ ಸ್ಟೋರೇಜ್ ಕಟ್ಟುತ್ತೇನೆ ಅಂತ ಬಡ್ಡಿಗೆ ಸಾಲ ತಂದ. ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿದರು. ಮದುವೆ ಮಾಡಿ, ಸರಿ ಹೋಗ್ತಾನೆ ಅಂದರು. ಹೀಗೇ ಮೂರು ವಾರ ಕಳೆದುಹೋಯಿತು. ಆ ಸಾಲ ತೀರಿಸಲು ಅವ್ವನ ಎರಡೆಳೆ ಸರ ಹೋಯಿತು. ಮದುವೆ ಮಾಡದೆ ಇದ್ದದ್ದು ಮಾತ್ರ ನಮ್ಮ ಪುಣ್ಯ. ಕಾಯಿಲೆ ಮುಚ್ಚಿಟ್ಟು ಹೆಣ್ಣು ತರುವುದು ಎರಡು ಜೀವಕ್ಕೂ ಅನ್ಯಾಯ.

ಈಗ ನಮ್ಮ ಅಡುಗೆಮನೆಯ ಕ್ಯಾಲೆಂಡರಿನ ವಿಷಯ ಹೇಳುತ್ತೇನೆ. ಅವ್ವ ಅದರಲ್ಲಿ ಹಾಲಿನ ಲೆಕ್ಕ ಬರೆಯುತ್ತಾಳೆ. ಪ್ರತಿ ಚೌಕದಲ್ಲಿ ಒಂದು, ಒಂದೂವರೆ, ನೆಂಟರು ಬಂದ ದಿನ ಎರಡು. ನಿದ್ದೆ ಕಡಿಮೆಯಾಗುವುದೇ ಇವನಿಗೆ ಮೊದಲ ಸೂಚನೆ ಅಂತ ಡಾಕ್ಟರ್ ಹೇಳಿದ ಮೇಲೆ, ನಾನು ಹಾಲಿನ ಅಂಕಿಯ ಕೆಳಗೆ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ಅವನು ಎಷ್ಟು ತಾಸು ಮಲಗಿದ ಅಂತ ಬರೆಯತೊಡಗಿದೆ. ಒಂದು ದಿನ ಸಿಕ್ಕಿಬಿದ್ದೆ. "ನಾನೇನು ಎಮ್ಮೆನಾ, ನನ್ನ ಲೆಕ್ಕ ಇಡೋಕೆ?" ಅಂತ ಕ್ಯಾಲೆಂಡರ್ ಕಿತ್ತು ಎಸೆದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಕ್ಯಾಲೆಂಡರನ್ನು ಮತ್ತೆ ಮೊಳೆಗೆ ಸಿಕ್ಕಿಸಿದೆ. ಪೆನ್ಸಿಲನ್ನು ದಾರ ಕಟ್ಟಿ ಅಲ್ಲೇ ತೂಗುಬಿಟ್ಟೆ. "ನಾನು ಬರೆಯೋದಿಲ್ಲ. ಬೇಕಾದರೆ ನೀನೇ ಬರೆ" ಅಂದೆ. ಹನ್ನೆರಡು ದಿನ ಖಾಲಿ ಇತ್ತು. ಹದಿಮೂರನೇ ದಿನ ಬೆಳಿಗ್ಗೆ ಹಾಲಿನ ಒಂದೂವರೆಯ ಕೆಳಗೆ, ಅವನ ಓರೆ ಅಕ್ಷರದಲ್ಲಿ, 7 ಅಂತ ಇತ್ತು. ನಾನು ನೋಡಿದ್ದೇನೆ ಅಂತ ತೋರಿಸಿಕೊಳ್ಳಲಿಲ್ಲ.

ಆ ವರ್ಷ ದೀಪಾವಳಿ ಕಳೆದ ಮೇಲೆ, ಅವನು ನೆಟ್ಟಗಿದ್ದ ಒಂದು ಭಾನುವಾರ ಮೂವರೂ ಕೂತು ಒಪ್ಪಂದ ಬರೆದೆವು. ಎರಡು ರಾತ್ರಿ ನಾಲ್ಕು ತಾಸಿಗಿಂತ ಕಡಿಮೆ ನಿದ್ದೆಯಾದರೆ ವಾದವಿಲ್ಲದೆ ಡಾಕ್ಟರಿಗೆ ಫೋನ್. ಎಟಿಎಂ ಕಾರ್ಡೂ ಬೈಕಿನ ಕೀಲಿಯೂ ನನ್ನ ಹತ್ತಿರ, ಡಾಕ್ಟರ್ ಸರಿ ಅಂದ ದಿನವೇ ವಾಪಸ್. "ನೀನು ಏರ್ತಾ ಇದ್ದೀಯ" ಅಂತ ಹೇಳುವ ಅಧಿಕಾರ ನನಗೆ ಮತ್ತು ಅವನ ಒಬ್ಬ ಗೆಳೆಯನಿಗೆ ಮಾತ್ರ. ಸೋದರಮಾವನಿಗೆ ಇಲ್ಲ! ಇದೆಲ್ಲ ಅವನೇ ಹೇಳಿ ಬರೆಸಿದ್ದು. ನನ್ನಿಂದಲೂ ಒಂದು ಮಾತು ತಗೊಂಡ. ಅವನು ಸ್ವಲ್ಪ ಜೋರಾಗಿ ನಕ್ಕರೂ, ಸಿಟ್ಟು ಮಾಡಿದರೂ ನಾವು "ಮಾತ್ರೆ ತಗೊಂಡ್ಯಾ?" ಅನ್ನುತ್ತಿದ್ದೆವು. "ನನಗೆ ಸುಮ್ನೆ ಸಿಟ್ಟು ಬರಬಾರದಾ ಅಕ್ಕಾ?" ಅಂತ ಕೇಳಿದ. ಆಮೇಲೆ ನಾನು ಆ ಮಾತನ್ನು ಆಡಿಲ್ಲ. ಬಾಯಿಗೆ ಬಂದದ್ದನ್ನು ಎಷ್ಟೋ ಸಲ ನುಂಗಿದ್ದೇನೆ.

ಇಂಥ ಒಪ್ಪಂದಕ್ಕೆ ಕಾನೂನಿನಲ್ಲೂ ಜಾಗ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ತನಗೆ ಕಾಯಿಲೆ ಜಾಸ್ತಿಯಾದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಒಬ್ಬರು ಮೊದಲೇ ಬರೆದಿಡಬಹುದು. ಅದೇ ಕಾಯ್ದೆ, ದೇಹದ ಕಾಯಿಲೆಗೆ ಇರುವ ಹಾಗೆಯೇ ಮನಸ್ಸಿನ ಕಾಯಿಲೆಗೂ ಆರೋಗ್ಯ ವಿಮೆ ಕೊಡಬೇಕು ಅನ್ನುತ್ತದೆ. ನಿಮ್ಮ ಪಾಲಿಸಿ ತೆಗೆದು ನೋಡಿ.

ಲಿಥಿಯಂ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಇದು ಒಳ್ಳೆಯ ಔಷಧಿ, ಆದರೆ ಕಡಿಮೆಯಾದರೆ ಕೆಲಸ ಮಾಡೋದಿಲ್ಲ, ಸ್ವಲ್ಪ ಹೆಚ್ಚಾದರೂ ವಿಷ. ರಕ್ತದಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1 ಮಿಲಿಮೋಲ್ ಒಳಗೆ ಇರಬೇಕು ಅನ್ನುತ್ತಾರೆ. ರಾತ್ರಿಯ ಮಾತ್ರೆ ತಗೊಂಡು 12 ತಾಸು ಆದ ಮೇಲೆ, ಬೆಳಗಿನದು ನುಂಗುವ ಮೊದಲು ರಕ್ತ ಕೊಡಬೇಕು. ಜೊತೆಗೆ ಥೈರಾಯ್ಡ್, ಕಿಡ್ನಿ ಪರೀಕ್ಷೆ ಆರಾರು ತಿಂಗಳಿಗೆ. ಒಂದು ಬೇಸಿಗೆಯಲ್ಲಿ ಮದುವೆಗೆ ಹೋಗಿ ಬಂದ ತಮ್ಮನಿಗೆ ವಾಂತಿ ಭೇದಿ ಹಿಡಿಯಿತು. ಮೈಕೈ ನೋವು ಅಂತ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಟ್ಟರು. ಲಿಥಿಯಂ ನಡೀತಿದೆ ಅಂತ ನಾವೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಮರುದಿನ ಚಹಾದ ಲೋಟ ಹಿಡಿಯಲು ಆಗಲಿಲ್ಲ, ಅರ್ಧ ಚಹಾ ಲುಂಗಿಯ ಮೇಲೆ. ನಾಲಿಗೆ ತೊದಲುತ್ತಿತ್ತು, ನಡೆದರೆ ತೂರಾಡುತ್ತಿದ್ದ. ಕುಡಿದಿದ್ದಾನೆ ಅಂದರು ಓಣಿಯವರು. ರಕ್ತದಲ್ಲಿ ಲಿಥಿಯಂ 1.7 ಇತ್ತು. ಮೈಯಲ್ಲಿ ನೀರು ಬತ್ತಿದರೆ, ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ತಗೊಂಡರೆ ಲಿಥಿಯಂ ಮೈಯಲ್ಲೇ ನಿಂತುಬಿಡುತ್ತದೆ. ನೀರು ಬಿಟ್ಟು ಏಕಾದಶಿ ಉಪವಾಸ ಮಾಡುವುದು, ಇದ್ದಕ್ಕಿದ್ದಂತೆ ಊಟದಲ್ಲಿ ಉಪ್ಪು ಬಿಡುವುದು ಎರಡೂ ಬೇಡ. ಈ ಲಕ್ಷಣ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಏರುವುದಕ್ಕಿಂತ ಇಳಿಯುವ ದಿನಗಳು ನನಗೆ ಹೆಚ್ಚು ಭಯ. ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ಆಗ "ಎದ್ದೇಳು, ಧೈರ್ಯ ತಗೋ" ಅನ್ನುವುದನ್ನು ಬಿಟ್ಟಿದ್ದೇನೆ. ಪಕ್ಕದಲ್ಲಿ ಕೂತು ಸೊಪ್ಪು ಸೋಸುತ್ತೇನೆ. ನೇರವಾಗಿ ಕೇಳುತ್ತೇನೆ: "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ಸುಳ್ಳು. ಮೊದಲ ಸಲ ಕೇಳಿದಾಗ "ಹ್ಞೂಂ" ಅಂದ, ಆಮೇಲೆ ಅತ್ತ. ಆ ರಾತ್ರಿ ಮಾತ್ರೆ ಡಬ್ಬಿ ಪೂರ್ತಿ ನನ್ನ ಕಪಾಟಿಗೆ ಬಂತು, ಬೆಳಿಗ್ಗೆ ಇಬ್ಬರೂ ಡಾಕ್ಟರ ಮುಂದೆ ಇದ್ದೆವು. ಅಂಥ ರಾತ್ರಿ ನಿಮಗೂ ಬಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನೀವೂ ಮಾಡಬಹುದು, ಕಾಯಿಲೆಯವರೇ ಮಾಡಬೇಕು ಅಂತಿಲ್ಲ. ಊರು ಯಾವುದು ಅಂತ ನೀವು ಬರೆದಿಲ್ಲ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ದೂರ ಆದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ.

ನಿಮ್ಮ ನಿದ್ದೆಯನ್ನೂ ನೋಡಿಕೊಳ್ಳಿ. ನಾನು ಮೂರು ವರ್ಷ ಅವನ ಕೋಣೆಯ ಬಾಗಿಲ ಸದ್ದಿಗೆ ಕಿವಿಗೊಟ್ಟು ಮಲಗಿ, ನನಗೇ ಬಿಪಿ ಬಂತು. ಈಗ ವಾರದಲ್ಲಿ ಎರಡು ರಾತ್ರಿ ಅವ್ವನ ಪಾಳಿ.

ಕಳೆದ ಮಳೆಗಾಲದಲ್ಲಿ ಕ್ಯಾಲೆಂಡರಿನಲ್ಲಿ 6, 5, 4 ಬಂತು. ನಾನು ನೋಡುತ್ತಿದ್ದೆ, ಎದೆ ಹೊಡೆದುಕೊಳ್ಳುತ್ತಿತ್ತು, ಬಾಯಿ ಬಿಡಲಿಲ್ಲ. ಮುಂದಿನ ಎರಡು ಚೌಕದಲ್ಲೂ 3. ಎರಡಕ್ಕೂ ಅವನೇ ಸುತ್ತು ಹಾಕಿದ್ದ. ಸ್ನಾನ ಮಾಡಿ ಬಂದು ಕಾರ್ಡೂ ಕೀಲಿಯೂ ಒಲೆಯ ಪಕ್ಕ ಇಟ್ಟು, "ಧಾರವಾಡದ ಬಸ್ಸು ಎಷ್ಟಕ್ಕಿದೆ ನೋಡು" ಅಂದ. ಔಷಧಿ ಸ್ವಲ್ಪ ಬದಲಾಯಿಸಿದರು. ಆಸ್ಪತ್ರೆಗೆ ಸೇರಿಸುವ ಪ್ರಮೇಯ ಬರಲಿಲ್ಲ. ಹತ್ತು ದಿನಕ್ಕೆ ಮತ್ತೆ 7.

ಇವತ್ತೇ ಹೋಗಿ ಗಂಡನ ಜೊತೆ ಒಪ್ಪಂದಕ್ಕೆ ಕೂರಬೇಡಿ. ಜಗಳದ ಬಿಸಿ ಆರಲಿ. ಮಾತ್ರೆ ನಿಲ್ಲಿಸಿ ಎಷ್ಟು ದಿನ ಆಯಿತು ಅಂತ ಮಾತ್ರ ನಾಳೆಯೇ ಡಾಕ್ಟರಿಗೆ ತಿಳಿಸಿ, ಒಮ್ಮೆಲೇ ನಿಲ್ಲಿಸಿದರೆ ಮರುಕಳಿಸುವ ಅಪಾಯ ಜಾಸ್ತಿ. ಮುಂದಿನ ಭೇಟಿಯಲ್ಲಿ ಕೈ ನಡುಗುವ ವಿಷಯ, ತೂಕದ ವಿಷಯ ಅವರ ಬಾಯಿಂದಲೇ ಬರಲಿ, ನೀವು ಪಕ್ಕದಲ್ಲಿ ಕೂತಿರಿ. ಪ್ರಮಾಣ ಕಡಿಮೆ ಮಾಡಲು, ಬೇರೆ ಔಷಧಿಗೆ ಹೋಗಲು ಎಷ್ಟೋ ಸಲ ದಾರಿ ಇರುತ್ತದೆ. ಏನಾಯಿತು ಅಂತ ಆಮೇಲೆ ಬರೆಯಿರಿ, ನಾನು ಓದುತ್ತೇನೆ.