ಹುದ್ದೆ ಕೊಡ್ತಾರೋ, ಬರೀ ಕೆಲಸ ಕೊಡ್ತಾರೋ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಐದು ವರ್ಷದ ಕಾನೂನು ಪದವಿ ಓದುತ್ತಿದ್ದೇನೆ. ಈಗ ಮೂರನೇ ವರ್ಷ. ಊರು ತಿಪಟೂರಿನ ಹತ್ತಿರ. ಪಿಯುಸಿವರೆಗೂ ಕನ್ನಡ ಮಾಧ್ಯಮ. ದಾಸರಹಳ್ಳಿಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದೇನೆ. ಕಾಲೇಜಿನ ಕಾನೂನು ನೆರವು ಸಮಿತಿಗೆ ಜಂಟಿ ಕಾರ್ಯದರ್ಶಿ ಆಗು ಅಂತ ಸೀನಿಯರ್‌ಗಳು ಕೇಳಿದ್ದಾರೆ. ಅವರ ಮೀಟಿಂಗ್ ಎಲ್ಲಾ ಇಂಗ್ಲಿಷ್‌ನಲ್ಲೇ. ಅಲ್ಲಿ ನನಗೆ ಬಾಯೇ ಬರುವುದಿಲ್ಲ. ಕ್ಯಾಂಪ್‌ನಲ್ಲಿ ಜನರ ಹತ್ತಿರ ಕನ್ನಡದಲ್ಲಿ ಮಾತಾಡೋಕೆ ಒಬ್ಬರು ಬೇಕು ಅಂತ ನನ್ನನ್ನು ಸೇರಿಸಿಕೊಳ್ಳುತ್ತಿದ್ದಾರೇನೋ ಅನ್ನಿಸುತ್ತೆ. ಇದೇ ಹುದ್ದೆಗೆ ಹೆಸರು ಕೊಟ್ಟಿದ್ದ ಗೆಳತಿ ಮಾತು ಬಿಟ್ಟಿದ್ದಾಳೆ. ಚಿಕ್ಕಪ್ಪ "ಓದೋಕೆ ಬಂದಿದ್ದೀಯ, ಸಂಘ ಗಿಂಘ ಬೇಡ" ಅಂತಾರೆ. ಶನಿವಾರದೊಳಗೆ ಹೇಳಬೇಕು. ಏನು ಮಾಡಲಿ?
— ಹೆಸರು ಬೇಡ, ದಾಸರಹಳ್ಳಿ

ಉತ್ತರ: ನಿಮ್ಮ ಅನುಮಾನ ಸುಳ್ಳಲ್ಲ ತಂಗಿ. ಕನ್ನಡ ಬರುತ್ತೆ ಅಂತಲೇ ಕರೆದಿರಬಹುದು. ಆದರೆ ಅದರಲ್ಲಿ ಅವಮಾನ ಏನಿದೆ? ಅದು ಕಾನೂನು ನೆರವು ಸಮಿತಿ. ಅಲ್ಲಿಗೆ ಬರುವವರು ಯಾರು ಅಂತ ಒಂದು ಸಲ ಯೋಚಿಸಿ.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ನಿಮಗೆ ಗೊತ್ತೇ ಇದೆ. ಅದರ 12ನೇ ಸೆಕ್ಷನ್ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಇವರಿಗೆಲ್ಲ ಉಚಿತ ವಕೀಲರು ಸಿಗಬೇಕು. ಇವರಿಗೆ ಆದಾಯದ ಮಿತಿ ಕೂಡ ಇಲ್ಲ. ಕೆ.ಆರ್. ಮಾರ್ಕೆಟ್‌ನಲ್ಲಿ ಹೂವು ಮಾರುವ ಹೆಂಗಸರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? "ಇನ್ಕಮ್ ಸರ್ಟಿಫಿಕೇಟ್ ಇಲ್ಲಮ್ಮ" ಅಂತ ಎದ್ದು ಹೋಗುವವರನ್ನು ಕೂರಿಸಿ, ಅದು ಬೇಕಿಲ್ಲ ಅಂತ ಅವರಿಗೆ ಅರ್ಥವಾಗುವ ಹಾಗೆ ಹೇಳೋದೇ ಸಮಿತಿಯ ಮುಖ್ಯ ಕೆಲಸ. ಉಳಿದದ್ದೆಲ್ಲ ಪೇಪರ್ ಕೆಲಸ. ಆ ಮುಖ್ಯ ಕೆಲಸ ನಿಮ್ಮ ಕೈಯಲ್ಲಿದೆ.

ಹಾಗಂತ ಇಂಗ್ಲಿಷ್ ಬಿಡೋಕಾಗಲ್ಲ. ಹೈಕೋರ್ಟ್ ಕಲಾಪ ಇಂಗ್ಲಿಷ್‌ನಲ್ಲೇ, ಸಂವಿಧಾನದ 348ನೇ ವಿಧಿಯೇ ಹಾಗಿದೆ. ಕಲಿಯೋಕೆ ಮೀಟಿಂಗ್ ಒಳ್ಳೇ ಜಾಗ. ನಡಾವಳಿ ಬರೆಯುವ ಕೆಲಸ ನೀವೇ ಕೇಳಿ ತಗೊಳ್ಳಿ. ಕಾರ್ಯದರ್ಶಿಯ ಪೆನ್ನಿಗೆ ಇರುವ ಬೆಲೆ ಜೋರಾಗಿ ಮಾತಾಡುವವರಿಗೆ ಆಮೇಲೆ ಗೊತ್ತಾಗುತ್ತೆ. ಮಾತಾಡಬೇಕಾದಾಗ ಕನ್ನಡದಲ್ಲೇ ಮಾತಾಡಿ. ಬೆಂಗಳೂರಿನಲ್ಲಿ ಕಾನೂನು ಓದುವವರಿಗೆ ಕನ್ನಡ ಕಿವಿಗೆ ಬಿದ್ದರೆ ನಷ್ಟವೇನೂ ಇಲ್ಲ.

ನನಗೆ ಚಿಂತೆ ಇರೋದು ಬೇರೆ ಕಡೆ. ಹುದ್ದೆ ಕೊಟ್ಟು ಅಧಿಕಾರ ಕೊಡದೇ ಇರುವುದು ನಮ್ಮ ಸಂಘ ಸಂಸ್ಥೆಗಳ ಹಳೇ ಚಾಳಿ. ನೀವು ಭಾನುವಾರ ಬಿಸಿಲಲ್ಲಿ ನಿಂತು ಅರ್ಜಿ ಬರೆದುಕೊಡುತ್ತೀರಿ. ಕ್ಯಾಂಪ್ ಎಲ್ಲಿ, ಯಾವಾಗ, ದುಡ್ಡು ಎಷ್ಟು ಅನ್ನೋದನ್ನು ಇನ್ನೊಬ್ಬರು ಕ್ಯಾಂಟೀನ್‌ನಲ್ಲಿ ಕೂತು ತೀರ್ಮಾನ ಮಾಡಿರುತ್ತಾರೆ. ಆದ್ದರಿಂದ ಹೂಂ ಅನ್ನೋ ಮುಂಚೆ ಈಗಿನ ಕಾರ್ಯದರ್ಶಿಯ ಹತ್ತಿರ ಹೋದ ವರ್ಷದ ಫೈಲ್ ಕೇಳಿ. ಕ್ಯಾಂಪ್‌ಗೆ ಬಂದವರ ಅರ್ಜಿ ಆಮೇಲೆ ಏನಾಯಿತು ಅಂತ ಅದರಲ್ಲಿ ಬರೆದಿದೆಯಾ ನೋಡಿ. ಬ್ಯಾನರ್ ಹಿಡಿದ ಫೋಟೋ ಮಾತ್ರ ಇದ್ದರೆ ಸಮಿತಿ ಎಂಥದ್ದು ಅಂತ ತಿಳಿಯುತ್ತೆ. ಜಾಗ ಗೊತ್ತುಮಾಡುವಾಗ ನಿಮ್ಮನ್ನು ಕೇಳ್ತಾರಾ, ಖರ್ಚಿನ ಲೆಕ್ಕಕ್ಕೆ ಯಾರು ಸಹಿ ಹಾಕ್ತಾರೆ, ಜವಾಬ್ದಾರಿ ಹೊತ್ತಿರುವ ಮೇಷ್ಟ್ರು ಯಾರು? ಇವನ್ನೂ ಕೇಳಿ. ನಾಚಿಕೊಳ್ಳಬೇಡಿ, ಲಾ ಓದುವವರು ಷರತ್ತು ಓದದೆ ಸಹಿ ಹಾಕಬಾರದು ಅಲ್ವಾ?

ಒಂದು ಎಚ್ಚರಿಕೆ. ಜನ ನಿಮ್ಮನ್ನು "ಲಾಯರ್ ಮೇಡಂ" ಅನ್ನೋಕೆ ಶುರು ಮಾಡ್ತಾರೆ. ಕೇಳೋಕೆ ಖುಷಿಯಾಗುತ್ತೆ. ಆದರೆ 1961ರ ವಕೀಲರ ಕಾಯ್ದೆ ಪ್ರಕಾರ ಕೋರ್ಟಿನಲ್ಲಿ ವಕಾಲತ್ತು ಮಾಡಬೇಕಾದರೆ ವಕೀಲರಾಗಿ ನೋಂದಣಿ ಆಗಿರಬೇಕು. "ಕೇಸ್ ಗೆಲ್ತೀರಿ" ಅಂತ ಯಾರಿಗೂ ಹೇಳಬೇಡಿ. ಝೆರಾಕ್ಸ್‌ಗೆ ಅಂತ ಕೂಡ ದುಡ್ಡು ಮುಟ್ಟಬೇಡಿ. ಅರ್ಜಿ ಬರೆದುಕೊಟ್ಟು ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿ. ರಾಜ್ಯ ಪ್ರಾಧಿಕಾರದ ಕಚೇರಿ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ, ಸಹಾಯವಾಣಿ 15100. ಹುದ್ದೆಯಲ್ಲಿದ್ದಾಗ ಎಡವಟ್ಟಾದರೆ ಮೊದಲು ಕೇಳುವುದು ನಿಮ್ಮ ಹೆಸರನ್ನೇ.

ಚಿಕ್ಕಪ್ಪನ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಅಣ್ಣನ ಮಗಳು ತಮ್ಮ ಮನೆಯಲ್ಲಿದ್ದಾಳೆ, ಏನಾದರೂ ಆದರೆ ತಿಪಟೂರಿಗೆ ಉತ್ತರ ಹೇಳಬೇಕಾದವರು ಅವರು. ಸಂಘ ಅಂದರೆ ಅವರ ಕಣ್ಣಿಗೆ ಕಾಣುವುದು ಸ್ಟ್ರೈಕು, ಲೇಟ್ ನೈಟು. ಅವರಿಗೆ ಲೆಕ್ಕ ಬೇಕು, ಕೊಡಿ. ಕಾನೂನು ಶಿಕ್ಷಣಕ್ಕೆ ನಿಯಮ ಮಾಡುವ ಬಾರ್ ಕೌನ್ಸಿಲ್‌ನ 2008ರ ನಿಯಮದಲ್ಲಿ ಪ್ರತಿ ವಿಷಯಕ್ಕೂ ಶೇ. 70 ಹಾಜರಿ ಇರಬೇಕು, ಐದು ವರ್ಷದ ಕೋರ್ಸ್‌ಗೆ ಒಟ್ಟು 20 ವಾರ ಇಂಟರ್ನ್‌ಶಿಪ್ ಮಾಡಬೇಕು ಅಂತ ಇದೆ. ಇವೆರಡಕ್ಕೂ ಧಕ್ಕೆ ಬರಲ್ಲ ಅಂತ ನಿಮ್ಮ ಟೈಮ್‌ಟೇಬಲ್ ಇಟ್ಟು ತೋರಿಸಿ. ಕ್ಯಾಂಪ್‌ಗೆ ಹೋದ ದಿನ ಹಾಜರಿ ಕೊಡ್ತಾರಾ ಅಂತ ಕಾಲೇಜಿನಿಂದ ಮೊದಲೇ ಬರವಣಿಗೆಯಲ್ಲಿ ತಗೊಳ್ಳಿ. ಮೀಟಿಂಗ್ ಮಧ್ಯಾಹ್ನ ಊಟದ ಹೊತ್ತಿಗೆ ಇಡಿ ಅಂತ ಸಮಿತಿಗೂ ಹೇಳಿ. ಸಂಜೆ ಮೆಟ್ರೋ ಹತ್ತಿ ಹೊತ್ತಿಗೆ ಸರಿಯಾಗಿ ಮನೆ ಸೇರುವವಳ ಜೊತೆ ಚಿಕ್ಕಪ್ಪ ಜಾಸ್ತಿ ದಿನ ವಾದ ಮಾಡಲ್ಲ. ಚಿಕ್ಕಮ್ಮನನ್ನು ಒಂದು ಕ್ಯಾಂಪ್‌ಗೆ ಕರೆದುಕೊಂಡು ಹೋಗಿ. ಆ 12ನೇ ಸೆಕ್ಷನ್ ಅವರಿಗೂ ಅನ್ವಯಿಸುತ್ತೆ ಅಂತ ಹೇಳಿ ನೋಡಿ, ಮನೆಯೊಳಗೇ ಒಬ್ಬರು ನಿಮ್ಮ ಕಡೆ ಬರ್ತಾರೆ.

ಗೆಳತಿ ವಿಷಯ. ನೀವು ಬಿಟ್ಟರೆ ಹುದ್ದೆ ಅವಳಿಗೇ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಆದ್ದರಿಂದ ಅವಳಿಗಾಗಿ ಬಿಡಬೇಡಿ. ನೀವು ಏನು ನಿರ್ಧಾರ ಮಾಡಿದರೂ ವಾಟ್ಸಾಪ್ ಗ್ರೂಪ್‌ನಲ್ಲಿ ಬರುವ ಮುಂಚೆ ನಿಮ್ಮ ಬಾಯಿಂದಲೇ ಅವಳಿಗೆ ತಿಳಿಯಲಿ. ಅವಳು ಮಾತಾಡದಿದ್ದರೆ ಸ್ವಲ್ಪ ದಿನ ಬಿಡಿ.

ನನ್ನನ್ನು ಕೇಳಿದರೆ, ಒಪ್ಪಿಕೊಳ್ಳಿ. ಆದರೆ ಬಂದ ಅರ್ಜಿಗಳ ಮುಂದಿನ ಜವಾಬ್ದಾರಿ ನನಗೇ ಇರಲಿ, ಕ್ಯಾಂಪ್‌ನ ಜಾಗ ತೀರ್ಮಾನಿಸುವಾಗ ನಾನೂ ಇರಬೇಕು ಅಂತ ಹೇಳಿ ಒಪ್ಪಿಕೊಳ್ಳಿ. ಅದಕ್ಕೆ ಅವರು ಆಗಲ್ಲ ಅಂದರೆ ಹುದ್ದೆ ಬೇಡ, ಸದಸ್ಯೆಯಾಗಿ ನಿಮಗೆ ಬಿಡುವಾದಾಗ ಕ್ಯಾಂಪ್‌ಗೆ ಹೋಗಿ. ಶನಿವಾರದವರೆಗೆ ಕಾಯಬೇಡಿ, ನಾಳೆಯೇ ಹೋಗಿ ಫೈಲ್ ಕೇಳಿ. ಫೈಲೇ ಇಟ್ಟಿಲ್ಲ ಅಂದರೆ ಗಾಬರಿ ಬೇಡ. ಜಂಟಿ ಕಾರ್ಯದರ್ಶಿಯಾದ ಮೇಲೆ ಒಂದು ರಿಜಿಸ್ಟರ್ ತಂದು ಶುರು ಮಾಡಿ.