ಓದುಗರ ಪ್ರಶ್ನೆ, ನಮ್ಮ ಉತ್ತರ: ಪನಾಮದ ಗುಡ್ಡ ಕಡಿದ ಮಣ್ಣು ಹೋದದ್ದೆಲ್ಲಿಗೆ?

ಪ್ರಶ್ನೆ: ಹೆದ್ದಾರಿ ಕೆಲಸಕ್ಕೆ ನನ್ನ ಎರಡು ಟಿಪ್ಪರ್ ಓಡುತ್ತವೆ. ಹಿಟಾಚಿ ಅಗೆಯುವುದು ಬೇಗ, ಟಿಪ್ಪರ್ ಹೋಗಿ ಬರುವುದೇ ತಡ. ಡೀಸೆಲ್ ಯಂತ್ರ ಇಲ್ಲದ ಕಾಲದಲ್ಲಿ ಪನಾಮ ಕಾಲುವೆಯ ಮಣ್ಣನ್ನು ಹೇಗೆ ಸಾಗಿಸಿದರು?
– ಟಿಪ್ಪರ್ ಮಾಲೀಕರು, ಕುಂಬಳೆ

ಉತ್ತರ: ಆ ಕಾಲುವೆಯ ಕೆಲಸ ಸೋತದ್ದೂ ಗೆದ್ದದ್ದೂ ನೀವು ಹೇಳಿದ ಅದೇ ಜಾಗದಲ್ಲಿ. 1881ರಿಂದ 1889ರವರೆಗೆ ಅಗೆದ ಫ್ರೆಂಚ್ ಕಂಪೆನಿಯ ಬಳಿ ಯಂತ್ರಗಳಿಗೆ ಕೊರತೆ ಇರಲಿಲ್ಲ. ಆದರೆ ವ್ಯಾಗನ್‌ಗಳು ಸಣ್ಣವು, ಹಳಿ ಹಗುರ. ಮಣ್ಣನ್ನು ಪಕ್ಕದ ಕಣಿವೆಗಳಿಗೇ ಸುರಿಯುತ್ತಿದ್ದರು. ಜೋರು ಮಳೆಗೆ ಆ ರಾಶಿಯೇ ಜರಿಯುತ್ತಿತ್ತು.

1904ರಲ್ಲಿ ಕೆಲಸ ಅಮೆರಿಕದ ಕೈಗೆ ಬಂತು. ಮರುವರ್ಷ ಮುಖ್ಯ ಎಂಜಿನಿಯರ್ ಆದ ಜಾನ್ ಸ್ಟೀವನ್ಸ್ ರೈಲ್ವೆಯಲ್ಲಿ ಪಳಗಿದವರು. ಅವರು ಮೊದಲು ಮಾಡಿದ್ದು, ಕಾಲುವೆಯ ದಾರಿಗೆ ಅಡ್ಡ ನಿಂತ ಕುಲೆಬ್ರಾ ಗುಡ್ಡದ ಅಗೆತ ನಿಲ್ಲಿಸಿದ್ದು! ಹಳೆಯ ರೈಲುದಾರಿಯನ್ನು ಭಾರದ ಜೋಡಿ ಹಳಿಯಾಗಿ ಮಾಡಿಸಿ, ಕೆಲಸದವರಿಗೆ ಮನೆ ಕಟ್ಟಿಸಿ, ಆಮೇಲೆ ಗುಡ್ಡಕ್ಕೆ ಕೈಹಾಕಿದರು.

ಗುಡ್ಡ ಕಡಿಯಬೇಕಾಗಿದ್ದ ಉದ್ದ 14 ಕಿ.ಮೀ.ಗೆ ಸ್ವಲ್ಪ ಕಡಿಮೆ. ಎರಡೂ ತುದಿಗಳಿಂದ ಒಳಕ್ಕೆ ಅಗೆಯುತ್ತಾ, ನಡುಭಾಗವನ್ನು ಯಾವಾಗಲೂ ಎತ್ತರದಲ್ಲೇ ಉಳಿಸಿಕೊಂಡರು. ಹೀಗೆ ಮಾಡಿದ್ದರಿಂದ ತುಂಬಿದ ರೈಲು ಇಳಿಜಾರಿನಲ್ಲಿ ಹೊರಗೆ ಹೋಗುತ್ತಿತ್ತು, ಖಾಲಿ ರೈಲು ಮಾತ್ರ ಏರು ಹತ್ತಬೇಕಿತ್ತು. ಮಳೆನೀರೂ ಪಂಪಿನ ಹಂಗಿಲ್ಲದೆ ಎರಡೂ ಕಡೆಗೆ ಹರಿದುಹೋಗುತ್ತಿತ್ತು. ಇಡೀ ಕಾಮಗಾರಿಯಲ್ಲಿ ಇದಕ್ಕಿಂತ ಜಾಣ ನಿರ್ಧಾರ ಇನ್ನೊಂದಿಲ್ಲ ಎಂದು ನಮ್ಮ ಅಭಿಪ್ರಾಯ.

ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತಿದ್ದರು. ಪ್ರತಿ ಮೆಟ್ಟಿಲಿನಲ್ಲಿ ಹಳಿಯ ಮೇಲೆ ನಿಂತ ಒಂದು ಸ್ಟೀಮ್ ಶವೆಲ್ (ಹಬೆಯಿಂದ ಅಗೆಯುವ ಯಂತ್ರ), ಪಕ್ಕದ ಹಳಿಯಲ್ಲಿ ಮಣ್ಣಿನ ರೈಲು. ದೊಡ್ಡ ಶವೆಲ್‌ನ ತೂಕ 95 ಟನ್. ಬಕೆಟ್‌ನಲ್ಲಿ 3.8 ಘನ ಮೀಟರ್, ಅಂದರೆ ಸುಮಾರು 8 ಟನ್ ಕಲ್ಲುಮಣ್ಣು ಹಿಡಿಯುತ್ತಿತ್ತು. ಶವೆಲ್ ತಿರುಗಿಸಿ ಎತ್ತಲು ಒಬ್ಬ ಚಾಲಕ, ಬಕೆಟ್‌ನ ತೋಳಿನ ಮೇಲೆ ಕುಳಿತು ಅದನ್ನು ಮುಂದೂಡಿ ಬಾಯಿ ಬಿಡಿಸಲು ಇನ್ನೊಬ್ಬ, ಬಾಯ್ಲರಿಗೆ ಕಲ್ಲಿದ್ದಲು ಹಾಕುವವರು ಬೇರೆ. ಶವೆಲ್ ಮುಂದೆ ಸರಿಯಲು ತುಂಡು ಹಳಿ ಹಾಸಿಕೊಡುವ ಕೂಲಿಗಳು ನೆಲದಲ್ಲಿ. ಈ ಕೂಲಿಗಳಲ್ಲಿ ಹೆಚ್ಚಿನವರು ಬಾರ್ಬಡೋಸ್ ಮೊದಲಾದ ಕೆರಿಬಿಯನ್ ದ್ವೀಪಗಳಿಂದ ಬಂದವರು. 1909ರ ಮಾರ್ಚ್‌ನಲ್ಲಿ 68 ಶವೆಲ್‌ಗಳು ಒಟ್ಟಿಗೆ ದುಡಿದು ತಿಂಗಳಿಗೆ 15 ಲಕ್ಷ ಘನ ಮೀಟರ್ ಮೀರಿ ಮಣ್ಣು ತೆಗೆದವು.

ತುಂಬಿದ್ದನ್ನು ಖಾಲಿ ಮಾಡುವ ಉಪಾಯ ನಿಮಗೆ ಇಷ್ಟವಾಗಬಹುದು. ವ್ಯಾಗನ್‌ಗಳು ಬರೀ ಹಲಗೆಯವು, ಒಂದು ಬದಿಗೆ ಮಾತ್ರ ಗೋಡೆ. ಎರಡು ವ್ಯಾಗನ್‌ಗಳ ನಡುವಿನ ಸಂದಿಗೆ ಉಕ್ಕಿನ ತಗಡು ಹಾಸಿದರೆ 20 ವ್ಯಾಗನ್‌ಗಳ ರೈಲು ಒಂದೇ ಉದ್ದನೆಯ ಜಗಲಿ ಆಗುತ್ತಿತ್ತು. ಹಿಂದಿನ ತುದಿಯಲ್ಲಿ ಓರೆಯಾದ ಉಕ್ಕಿನ ನೇಗಿಲು, ಎಂಜಿನ್ ಕಡೆ ಹಬೆಯಿಂದ ತಿರುಗುವ ರಾಟೆ. ರಾಟೆ ಹಗ್ಗ ಎಳೆದಂತೆ ನೇಗಿಲು ರೈಲಿನುದ್ದಕ್ಕೂ ಜಾರಿ ಬಂದು ಮಣ್ಣನ್ನೆಲ್ಲ ಗೋಡೆ ಇಲ್ಲದ ಬದಿಗೆ ತಳ್ಳುತ್ತಿತ್ತು. ಇಡೀ ರೈಲು ಖಾಲಿಯಾಗಲು ಹತ್ತು ನಿಮಿಷ ಸಾಕು. ಹಿಂದೆಯೇ ರೆಕ್ಕೆಯಿದ್ದ ಇನ್ನೊಂದು ಬಂಡಿ ಬಂದು ಮಣ್ಣನ್ನು ಸಮತಟ್ಟು ಮಾಡುತ್ತಿತ್ತು. ರಾಶಿ ಅಗಲವಾದಂತೆ ಹಳಿಯನ್ನೂ ಅಂಚಿಗೆ ಸರಿಸಬೇಕಲ್ಲ? ಹಳಿಯನ್ನು ಸ್ಲೀಪರ್ ಸಮೇತ ಎತ್ತಿ ಪಕ್ಕಕ್ಕಿಡುವ ಕ್ರೇನನ್ನು 1906ರಲ್ಲಿ ಅಲ್ಲೇ ರೂಪಿಸಿದರು. 600 ಆಳುಗಳ ಒಂದು ದಿನದ ಕೆಲಸಕ್ಕೆ ಒಂದು ಡಜನ್‌ಗಿಂತ ಕಡಿಮೆ ಜನ ಸಾಕಾದರು.

ಇಷ್ಟೆಲ್ಲ ಮಣ್ಣು ಗಾಟುನ್ ಅಣೆಕಟ್ಟೆಗೆ, ಬಲ್ಬೋವಾದ ಜೌಗು ತುಂಬಿಸಲು, ಪೆಸಿಫಿಕ್ ಕಡೆ ನಾವೋಸ್ ದ್ವೀಪದವರೆಗಿನ ಸುಮಾರು 5 ಕಿ.ಮೀ. ತಡೆದಂಡೆಗೆ ಹೋಯಿತು. ತಡೆದಂಡೆಯ ಕೆಳಗೆ ಕೆಸರು. ಹಾಕಿದ ಮಣ್ಣು ಹೂತುಹೋಗಿ, ಹಳಿ ಮತ್ತೆ ಮತ್ತೆ ಜಗ್ಗಿತು.

ಪ್ರಶ್ನೆ: ಮಳೆಗಾಲ ಬಂದರೆ ನಮ್ಮಲ್ಲಿ ಕಡಿದ ಬರೆ ಜರಿದು ರಸ್ತೆ ಬಂದ್. ಪನಾಮದಲ್ಲಿ ಹೀಗಾಗಲಿಲ್ಲವೇ?
– ಪ್ಲಸ್ ಟು ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಆಗದೆ? 1907ರ ಅಕ್ಟೋಬರ್‌ನಲ್ಲಿ, ದಿನಗಟ್ಟಲೆ ಮಳೆ ಹೊಯ್ದ ಮೇಲೆ, ಕುಕರಾಚಾ ಎಂಬಲ್ಲಿ ಗುಡ್ಡೆಯೇ ನಡೆಯಲು ಶುರುಮಾಡಿತು. ದಿನಕ್ಕೆ 4 ಮೀಟರ್‌ನಂತೆ ಹತ್ತು ದಿನ ಕಾಲುವೆಯೊಳಕ್ಕೆ ಇಳಿಯಿತು. ಶವೆಲ್, ಹಳಿ ಎಲ್ಲ ಮಣ್ಣಿನಡಿ.

ಅಲ್ಲಿ ಜರಿತ ಎರಡು ಬಗೆ. ಒಂದು, ಓರೆಯಾಗಿ ಮಲಗಿದ ಬಂಡೆಯ ಮೇಲಿನ ಜೇಡಿಮಣ್ಣು ನೀರು ಕುಡಿದು ಜಾರುವುದು. ಇನ್ನೊಂದು ಮಳೆ ಇಲ್ಲದಾಗಲೂ ಬರುತ್ತಿತ್ತು: ಮೇಲೆ ಗಟ್ಟಿ ಕಲ್ಲು, ಕೆಳಗೆ ಮೆದು ಪದರ. ಪಕ್ಕದ ಮಣ್ಣು ತೆಗೆದೊಡನೆ ಆಧಾರ ತಪ್ಪಿ, ಮೇಲಿನ ಭಾರಕ್ಕೆ ಮೆದು ಪದರ ಹಿಂಡಿದಂತಾಗಿ ಕಾಲುವೆಯ ತಳವೇ ಉಬ್ಬಿ ಮೇಲೇಳುತ್ತಿತ್ತು. ನಿಮ್ಮ ಊರಿನ ಬರೆಯಲ್ಲಿ ಮೇಲೆ ಮುರಕಲ್ಲು, ಅದರಡಿ ಶೇಡಿಮಣ್ಣು ಇರುತ್ತದಲ್ಲ, ಅಪಾಯದ ಲೆಕ್ಕ ಅದೇ.

ಬರೆಗೆ ಕಾಂಕ್ರೀಟ್ ಬಳಿದು ನೋಡಿದರು, ನಿಲ್ಲಲಿಲ್ಲ. ಒಳಗೇ ಜಾರುವ ಮಣ್ಣನ್ನು ಮೇಲ್ಮೈ ತೇಪೆ ಹಿಡಿಯಲಾರದು. ಫಲ ಕೊಟ್ಟ ಉಪಾಯಗಳು: ಬರೆಯ ಹಿಂದೆ ಕಣಿ ತೋಡಿ ನೀರನ್ನು ಬೇರೆಡೆಗೆ ತಿರುಗಿಸುವುದು, ಮೇಲಿನಿಂದಲೇ ಭಾರ ಇಳಿಸುವುದು, ಇಳಿಜಾರನ್ನು ಇನ್ನಷ್ಟು ಮಲಗಿಸುವುದು. ತಳದಲ್ಲಿ 91 ಮೀಟರ್ ಅಗಲದ ಕಾಲುವೆಗಾಗಿ ಮೇಲೆ ಅರ್ಧ ಕಿ.ಮೀ.ಗೂ ಹೆಚ್ಚು ಅಗಲ ಕಡಿಯಬೇಕಾಯಿತು. 1913ರ ಅಕ್ಟೋಬರ್‌ನಲ್ಲಿ ನೀರು ಬಿಟ್ಟ ಮೇಲೆ ಜರಿದ ಮಣ್ಣನ್ನು ಡ್ರೆಜ್ಜರ್‌ನಿಂದ (ನೀರಿನಡಿಯ ಮಣ್ಣೆತ್ತುವ ಯಂತ್ರ) ತೆಗೆದರು. ಆದರೂ 1915ರ ಸೆಪ್ಟೆಂಬರ್‌ನ ಕುಸಿತಕ್ಕೆ ಕಾಲುವೆ ಏಳು ತಿಂಗಳು ಮುಚ್ಚಿತ್ತು.

ಪ್ರಶ್ನೆ: ಬಂಡೆ ಒಡೆದದ್ದು ಹೇಗೆ?
– ಕಗ್ಗಲ್ಲು ಕೋರೆಯ ಕಾರ್ಮಿಕರು, ಬದಿಯಡ್ಕ

ಉತ್ತರ: ಪೈಪಿನಲ್ಲಿ ಬಂದ ಒತ್ತಡದ ಗಾಳಿಯಿಂದ ಡ್ರಿಲ್ ಓಡಿಸಿ ಕುಳಿ ಕೊರೆದು, ಡೈನಮೈಟ್ ತುಂಬಿ. ಒಟ್ಟು 2.7 ಕೋಟಿ ಕಿಲೊಗಿಂತ ಹೆಚ್ಚು ಸ್ಫೋಟಕ ಬಳಸಿದರು. ಬಾಸ್ ಒಬಿಸ್ಪೋದಲ್ಲಿ 1908ರ ಡಿಸೆಂಬರ್ 12ರಂದು ತುಂಬಿಸಿಟ್ಟ 20 ಟನ್ನಿಗೂ ಮಿಕ್ಕ ಡೈನಮೈಟ್ ಹೊತ್ತಿಗೆ ಮೊದಲೇ ಸಿಡಿದು 23 ಮಂದಿ ಸತ್ತರು. ಸಿಡಿಯದೆ ಉಳಿದ ತೋಟಾಕ್ಕೆ ಶವೆಲ್‌ನ ಹಲ್ಲು ತಗಲಿಯೂ ಸತ್ತವರಿದ್ದಾರೆ.

ಪ್ರಶ್ನೆ: ರಬ್ಬರ್ ಮರದ ಚಿರಟೆ ಕವುಚಿ ಹಾಕಿ ಎಂದು ಆಶಾ ಕಾರ್ಯಕರ್ತೆಯರು ಹೇಳಿಹೋಗುತ್ತಾರೆ. ಪನಾಮದಲ್ಲೂ ಸೊಳ್ಳೆಯ ಕಾಟ ಇತ್ತಂತೆ?
– ಕೃಷಿಕರು, ನೀರ್ಚಾಲು

ಉತ್ತರ: ಕಾಟವಲ್ಲ, ಮಾರಿ. ಫ್ರೆಂಚರ ಕಾಲದಲ್ಲಿ ಸತ್ತವರು 20,000ಕ್ಕೂ ಹೆಚ್ಚು ಎಂದು ಅಂದಾಜು. ಆಸ್ಪತ್ರೆಯ ಮಂಚದ ಕಾಲುಗಳಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು ಇಡುತ್ತಿದ್ದರು. ಹಳದಿ ಜ್ವರದ ಸೊಳ್ಳೆ ಮೊಟ್ಟೆಯಿಟ್ಟದ್ದು ಅದರಲ್ಲೇ! ಅಮೆರಿಕದ ವೈದ್ಯಾಧಿಕಾರಿ ವಿಲಿಯಂ ಗೋರ್ಗಸ್ ನಿಂತ ನೀರಿಗೆ ಎಣ್ಣೆ ಹಾಕಿಸಿ, ಕಿಟಕಿಗೆ ಬಲೆ ಹೊಡೆಸಿ, ನಗರಕ್ಕೆ ನಳ್ಳಿ ನೀರು ತರಿಸಿದ ಮೇಲೆ 1905ರ ಕೊನೆಗೆ ಪನಾಮ ನಗರದಲ್ಲಿ ಹಳದಿ ಜ್ವರ ನಿಂತಿತು. ಮಲೇರಿಯಾ ಮಾತ್ರ ಪೂರ್ತಿ ಹೋಗಲಿಲ್ಲ. ಅಮೆರಿಕದ ಹತ್ತು ವರ್ಷಗಳ ದಾಖಲೆಯಲ್ಲಿ ರೋಗ, ಅಪಘಾತ ಸೇರಿ 5,609 ಸಾವು ಇದೆ.

ಪ್ರಶ್ನೆ: ಸೂಯೆಜ್ ಕಾಲುವೆಗೆ ಬಾಗಿಲುಗಳಿಲ್ಲ, ಪನಾಮಕ್ಕೆ ಯಾಕೆ? ಎರಡು ಸಮುದ್ರಗಳ ಮಟ್ಟ ಬೇರೆಯೇ?
– ನಿವೃತ್ತ ಅಧ್ಯಾಪಕರು, ಹೊಸದುರ್ಗ

ಉತ್ತರ: ಮಟ್ಟದ ವ್ಯತ್ಯಾಸ ಕಾರಣವಲ್ಲ, ನಡುವೆ ನಿಂತ ಗುಡ್ಡ ಕಾರಣ. 1869ರಲ್ಲಿ ತೆರೆದ ಸೂಯೆಜ್‌ಗೆ ಸಿಕ್ಕಿದ್ದು ತಗ್ಗು ಮರಳುನೆಲ. ಅಲ್ಲಿ ಗೆದ್ದ ಲೆಸೆಪ್ಸ್, ಪನಾಮದ ಫ್ರೆಂಚ್ ಕಂಪೆನಿಯ ಮುಖ್ಯಸ್ಥರಾಗಿ, ಪನಾಮವನ್ನೂ ಸಮುದ್ರಮಟ್ಟಕ್ಕೇ ಇಳಿಸಲು ಹಟಹಿಡಿದು ಸೋತರು. ಅಮೆರಿಕನ್ನರು ಚಾಗ್ರೆಸ್ ನದಿಗೆ ಗಾಟುನ್‌ನಲ್ಲಿ ಕಟ್ಟೆ ಹಾಕಿ, 26 ಮೀಟರ್ ಎತ್ತರದಲ್ಲಿ ಕೆರೆ ಮಾಡಿ, ಹಡಗನ್ನೇ ಅಲ್ಲಿಗೆ ಏರಿಸಿದರು. ಕೆರೆಯ ನೀರು 5.5 ಮೀಟರ್ ವ್ಯಾಸದ ಸುರಂಗಗಳಲ್ಲಿ ತಾನಾಗಿ ಇಳಿದು ಲಾಕ್‌ಗಳನ್ನು, ಅಂದರೆ ಹಡಗನ್ನು ಏರಿಸಿ ಇಳಿಸುವ ಬಾಗಿಲಿನ ತೊಟ್ಟಿಗಳನ್ನು, ತುಂಬುತ್ತದೆ, ಪಂಪ್ ಬೇಡ. ಆದರೆ ಹಳೆಯ ಲಾಕ್‌ಗಳಲ್ಲಿ ಒಂದು ಹಡಗು ದಾಟುವಾಗ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರದ ಪಾಲಾಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ಕೆರೆ ಇಳಿದಾಗ, ದಿನಕ್ಕೆ 36ರಷ್ಟಿದ್ದ ಹಡಗುಗಳ ಸಂಖ್ಯೆಯನ್ನು ವರ್ಷದ ಕೊನೆಗೆ 24ರ ಆಸುಪಾಸಿಗೆ ಇಳಿಸಬೇಕಾಯಿತು.