ಹೆಪಟೈಟಿಸ್ ಎ, ಬಿ, ಸಿ ಒಂದೇ ಮನೆಯವಲ್ಲ

ನಮಸ್ಕಾರ.

ವೈರಸ್‌ಗಳಿಗೆ ಹೆಸರಿಡುವ ಬಗೆ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ.

"ಹೆಪಟೈಟಿಸ್ ಎ, ಬಿ, ಸಿ ಒಂದೇ ವೈರಸ್‌ನ ಮೂರು ಬಗೆ" ಎಂದು ಬರೆದಿದ್ದೀರಿ. ಇದು ತಪ್ಪು. ಮೂರೂ ಲಿವರ್ ಅನ್ನೇ ಕಾಡುತ್ತವೆ, ಹೆಸರು ಬಂದದ್ದು ಅಷ್ಟರಿಂದಲೇ. ಎ ಮತ್ತು ಸಿ ಆರ್‌ಎನ್‌ಎ ವೈರಸ್‌ಗಳು, ಅಂದರೆ ಅವುಗಳ ಆನುವಂಶಿಕ ಮಾಹಿತಿ ಇರುವುದು ಆರ್‌ಎನ್‌ಎಯಲ್ಲಿ. ಬಿ ಡಿಎನ್‌ಎ ವೈರಸ್. ಎ ಮತ್ತು ಸಿ ಕೂಡ ಬೇರೆ ಬೇರೆ ಕುಟುಂಬದವು. ಎ ವೈರಸ್‌ನ ನೆಂಟ ಯಾರು ಗೊತ್ತಾ? ಪೋಲಿಯೋ ವೈರಸ್! ಎರಡೂ ಪಿಕೋರ್ನಾವಿರಿಡೇ ಕುಟುಂಬಕ್ಕೆ ಸೇರಿವೆ. ಲೇಖನ ಶುರುವಾಗಬೇಕಾದದ್ದೇ ಇಲ್ಲಿಂದ.

ಅಮೆರಿಕದ ವಿಜ್ಞಾನಿ ಡೇವಿಡ್ ಬಾಲ್ಟಿಮೋರ್ 1971ರಲ್ಲಿ ಮಾಡಿದ ವೈರಸ್‌ಗಳ ವಿಂಗಡಣೆಯನ್ನು ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ನನಗೆ ಬೇಜಾರಾದದ್ದು ಅದಕ್ಕೇ. ನಮ್ಮ ಜೀವಕೋಶ ಪ್ರೊಟೀನ್ ಮಾಡುವಾಗ ಓದುವುದು ಎಂ-ಆರ್‌ಎನ್‌ಎಯನ್ನು, ಅಂದರೆ ಸಂದೇಶ ಹೊತ್ತ ಆರ್‌ಎನ್‌ಎಯನ್ನು ಮಾತ್ರ. ಹಾಗಾಗಿ ಯಾವ ವೈರಸ್ ಆದರೂ ಹೇಗಾದರೂ ಅಲ್ಲಿಗೆ ಬರಲೇಬೇಕು. ಯಾವ ದಾರಿಯಲ್ಲಿ ಬರುತ್ತದೆ ಅನ್ನುವುದರ ಮೇಲೆ ಇಂದು ಏಳು ಗುಂಪುಗಳಿವೆ. ಪೋಲಿಯೋದ ಆರ್‌ಎನ್‌ಎಯನ್ನು ಜೀವಕೋಶ ನೇರವಾಗಿ ಓದಿಬಿಡುತ್ತದೆ. ಫ್ಲೂ ವೈರಸ್‌ನದು ಹಾಗಲ್ಲ, ಅದು ಅಚ್ಚಿನ ಹಾಗೆ ಉಲ್ಟಾ ಇರುತ್ತದೆ. ಮೊದಲು ಅದರ ಪ್ರತಿ ತೆಗೆಯಬೇಕು. ಆ ಕೆಲಸಕ್ಕೆ ಬೇಕಾದ ಕಿಣ್ವ ನಮ್ಮ ಜೀವಕೋಶದಲ್ಲಿ ಇಲ್ಲ, ವೈರಸ್ಸೇ ಹೊತ್ತು ತರುತ್ತದೆ. ಇದನ್ನು ಓದಿದವರು ಮರೆಯುತ್ತಾರಾ? ನೀವು ಪಟ್ಟಿ ಮಾಡಿದ ವರ್ಗೀಕರಣದ ಹದಿನೈದು ಹಂತಗಳನ್ನು ಮಾತ್ರ ಯಾರೂ ನೆನಪಿಡುವುದಿಲ್ಲ. ಅದನ್ನು ತೆಗೆಯಿರಿ. "ವಿರಿಡೇ" ಅಂತ ಕೊನೆಯಾದರೆ ಅದು ಕುಟುಂಬದ ಹೆಸರು, ಅಷ್ಟು ಹೇಳಿದರೆ ಸಾಕು.

"ಕೋವಿಡ್ ವೈರಸ್" ಎಂದು ಉದ್ದಕ್ಕೂ ಬರೆದಿದ್ದೀರಿ. ಮಾತಿನಲ್ಲಿ ಸರಿ, ಹೆಸರಿಡುವ ಬಗ್ಗೆಯೇ ಬರೆಯುವಾಗ ಸರಿಯಲ್ಲ. ಕೋವಿಡ್-19 ಕಾಯಿಲೆ, ವೈರಸ್ ಸಾರ್ಸ್-ಕೋವ್-2. 2020ರ ಫೆಬ್ರವರಿ 11ರಂದು, ಒಂದೇ ದಿನ, ಎರಡೂ ಹೆಸರು ಹೊರಬಂದವು. ಕಾಯಿಲೆಗೆ ಹೆಸರಿಟ್ಟದ್ದು ವಿಶ್ವ ಆರೋಗ್ಯ ಸಂಸ್ಥೆ. ವೈರಸ್‌ಗೆ ಇಟ್ಟದ್ದು ವೈರಸ್ ವರ್ಗೀಕರಣದ ಅಂತರರಾಷ್ಟ್ರೀಯ ಸಮಿತಿಯ ತಜ್ಞರು.

ಎಬೋಲಾ ಪ್ಯಾರಾ ತುಂಬಾ ಚೆನ್ನಾಗಿದೆ, ಒಂದಕ್ಷರ ಮುಟ್ಟಬೇಡಿ. 1976ರಲ್ಲಿ ಕಾಯಿಲೆ ಕಾಣಿಸಿಕೊಂಡ ಆಫ್ರಿಕಾದ ಯಂಬುಕು ಎಂಬ ಊರಿಗೆ ಕೆಟ್ಟ ಹೆಸರು ಬರಬಾರದೆಂದು ಎಬೋಲಾ ನದಿಯ ಹೆಸರನ್ನು ಆರಿಸಿದ್ದನ್ನು ಮನಮುಟ್ಟುವಂತೆ ಹೇಳಿದ್ದೀರಿ. ಅದರ ಜೊತೆಗೇ, ಹೊಸ ಕಾಯಿಲೆಗೆ ಊರಿನ, ವ್ಯಕ್ತಿಯ, ಪ್ರಾಣಿಯ ಹೆಸರು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದನ್ನೂ ಸೇರಿಸಿ.

ಎರಡು ಪುಟ ಮೀರದಿರಲಿ. ಕಾಯುತ್ತಿರುತ್ತೇನೆ.